ಒಕ್ಲಹೋಮ: ಸಿನಿಮಾಕ್ಕಿಂತ ರಂಗಪ್ರಯೋಗದ ಚಿತ್ರೀಕರಣವೇ ಮೇಲು

ಸಂಗೀತ ಸಂಯೋಜಕ ರಾಜರ್ಸ್ ಮತ್ತು ಗೀತರಚನಕಾರ ಹ್ಯಾಮರ್‌ಸ್ಟೈನ್ ಜೋಡಿ 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ತಂದ 'ಒಕ್ಲಹೋಮ!' ಸಂಗೀತ ನಾಟಕದ ಎರಡು ಡಿಸ್ಕ್‌ಗಳು ನನ್ನಲ್ಲಿವೆ. ಫ್ರೆಡ್ ಜಿನ್ನೆಮನ್ ನಿರ್ದೇಶನದ 1955ರ ಸಿನಿಮಾ ಹೆಚ್ಚಾಗಿ ಕಪಾಟಿನಲ್ಲೇ ಇರುತ್ತದೆ. ಲಂಡನ್ನಿನ ನ್ಯಾಷನಲ್ ಥಿಯೇಟರಿಗಾಗಿ ಟ್ರೆವರ್ ನನ್ 1998ರಲ್ಲಿ ಕಟ್ಟಿದ ಮರುಪ್ರಯೋಗದ ಚಿತ್ರೀಕರಣವನ್ನು ಮಾತ್ರ ಮತ್ತೆ ಮತ್ತೆ ನೋಡುತ್ತೇನೆ.

ಇದಕ್ಕೆ ಮುಖ್ಯ ಕಾರಣ ಜಡ್ ಎಂಬ ಹೊಲದಾಳಿನ ಪಾತ್ರ. ಅವನ ಒಂಟಿತನವನ್ನು ಒಳಗಿನಿಂದ ತೋರುವ 'ಲೋನ್ಲಿ ರೂಮ್' ಹಾಡನ್ನು ಸಿನಿಮಾ ಕೈಬಿಟ್ಟಿದ್ದರಿಂದ, ರಾಡ್ ಸ್ಟೈಗರ್ ಎಷ್ಟೇ ಚೆನ್ನಾಗಿ ಅಭಿನಯಿಸಿದರೂ ಜಡ್ ಕೇವಲ ಭಯ ಹುಟ್ಟಿಸುವವನಾಗಿ ಉಳಿಯುತ್ತಾನೆ. ರಂಗಪ್ರಯೋಗದಲ್ಲಿ ಶುಲರ್ ಹೆನ್ಸ್‌ಲಿ ಅದೇ ಹಾಡನ್ನು ಹಾಡಿದ ಮೇಲೆ, ಕೊನೆಯಲ್ಲಿ ಜಡ್ ಸತ್ತಾಗ ಊರಿನವರ ಸಂಭ್ರಮದಲ್ಲಿ ಪಾಲ್ಗೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ನಾಯಕಿ ಲಾರಿಗೆ ಜಡ್‌ನ ಬಗೆಗಿರುವ ಭಯ ಕನಸಾಗಿ ಮೂಡುವ ಬ್ಯಾಲೆ ನೃತ್ಯದಲ್ಲೂ ಇಂಥದೇ ವ್ಯತ್ಯಾಸವಿದೆ. ಸಿನಿಮಾದಲ್ಲಿ ಲಾರಿ ಮತ್ತು ಅವಳ ಪ್ರಿಯಕರ ಕರ್ಲಿಯ ಪಾತ್ರಧಾರಿಗಳ ಬದಲು ಬೇರೆ ನರ್ತಕರು ಬರುತ್ತಾರೆ. ರಂಗಪ್ರಯೋಗದಲ್ಲಿ ಜೋಸೆಫಿನಾ ಗೇಬ್ರಿಯೆಲ್ ಮತ್ತು ಹ್ಯೂ ಜ್ಯಾಕ್‌ಮನ್ ತಾವೇ ಕುಣಿಯುವುದರಿಂದ ಆ ಭಯ ಲಾರಿಯದೇ ಆಗುತ್ತದೆ.

ಆದರೆ ಈ ಚಿತ್ರೀಕರಣದಲ್ಲಿ ನನಗೆ ಸದಾ ಕಿರಿಕಿರಿ ಉಂಟುಮಾಡುವುದು ಪ್ರೇಕ್ಷಕರ ಚಪ್ಪಾಳೆ. ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ನೋಡುವುದು ನನ್ನ ರೂಢಿ. ಮೆಲುದನಿಯ ಸಂಭಾಷಣೆಗೆಂದು ಧ್ವನಿ ಏರಿಸಿದರೆ ಹಾಡು ಮುಗಿದೊಡನೆ ಕರತಾಡನ ಕಿವಿಗೆ ಅಪ್ಪಳಿಸುತ್ತದೆ, ತಗ್ಗಿಸಿದರೆ ಮುಂದಿನ ಮಾತು ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕ್ಯಾಮೆರಾ ಪಾತ್ರದ ಮುಖಕ್ಕೆ ಅಷ್ಟು ಹತ್ತಿರ ಹೋಗಿರುವಾಗ ಕೇಳಿಬರುವ ಆ ಸದ್ದು ನನ್ನನ್ನು ಆ ಊರಿನಿಂದ ಎಬ್ಬಿಸಿ ಸಭಾಂಗಣದ ಕುರ್ಚಿಗೆ ತಂದು ಕೂರಿಸುತ್ತದೆ. ರಂಗಮಂದಿರದಲ್ಲಿ ಚಪ್ಪಾಳೆ ನಮ್ಮದೂ ಆಗಿರುತ್ತದೆ. ಮನೆಯಲ್ಲಿ ಅದು ಪರರದು. ಈಗ ರಿಮೋಟನ್ನು ಕೈಯಲ್ಲೇ ಹಿಡಿದಿರುತ್ತೇನೆ.

ಬಯಲಿನ ವಿಸ್ತಾರ ಬೇಕೆಂದರೆ ಅರಿಝೋನಾದಲ್ಲಿ ಚಿತ್ರೀಕರಿಸಿದ ಸಿನಿಮಾವೇ ಸರಿ. ಅದರಲ್ಲಿ ಕರ್ಲಿಯಾದ ಗಾರ್ಡನ್ ಮೆಕ್ರೇಯ ತುಂಬುದನಿಯೂ ಜ್ಯಾಕ್‌ಮನ್‌ನ ದನಿಗಿಂತ ಮಿಗಿಲು.

ರಂಗಪ್ರಯೋಗದ ಡಿಸ್ಕ್ ನನಗೆ ದುಬಾರಿಯಾಯಿತು. ಲಂಡನ್ನಿಗೆ ಹೋಗಿ ನಾಟಕ ನೋಡುವಷ್ಟು ಅನುಕೂಲವಿಲ್ಲದ ನನ್ನಂಥವರು ಆ ಹಣವನ್ನು ಧೈರ್ಯವಾಗಿ ಕೊಡಬಹುದು. ಸುಮಾರು ಮೂರು ಗಂಟೆ ಕೂರಲಾಗದ ಮಕ್ಕಳೊಡನೆ ನೋಡುವುದಾದರೆ ಮಾತ್ರ ಅದಕ್ಕಿಂತ ಚಿಕ್ಕದಾದ ಸಿನಿಮಾವನ್ನು ಕೊಳ್ಳಿ.