ಝೆನ್‌ಗೆ ಎಸ್ಟೀಮ್ ಎಂಜಿನ್ ಹಾಕ್ಸಿ ಎರಡು ವರ್ಷ, 21 ಸಾವಿರ ಕಿಲೋಮೀಟರ್

ಗಾಡಿ 2002ರ ಮಾರುತಿ ಝೆನ್ ಎಂಪಿಎಫ್‌ಐ, ಅಪ್ಪಾಜಿ ತಗೊಂಡಿದ್ದು, ಕೆಎ 17 ನಂಬರ್. ಕಂಪನಿಯವ್ರು ಇದನ್ನ ಸ್ಪೋರ್ಟ್ಸ್ ಕಾರ್ ಅಂತ ಮಾರಿರ್ಲಿಲ್ಲ ನಿಜ, ಆದ್ರೆ ನಮ್ಮಂಥೋರ ದುಡ್ಡಿಗೆ ಸಿಗೋ ಗಾಡೀಲಿ ಸ್ಟೀರಿಂಗ್ ಹಿಡಿದ್ರೆ ರೋಡು ಅಂಗೈಗೆ ಗೊತ್ತಾಗೋ ಗಾಡಿ ಅಂದ್ರೆ ನನಗೆ ಇದೇ, ಇವತ್ತಿಗೂ. ಅದ್ರಲ್ಲಿ ಇದ್ದದ್ದು 993 ಸಿಸಿ, 60 ಬಿಎಚ್‌ಪಿ. ಎರಡು ವರ್ಷದ ಹಿಂದೆ ಅದನ್ನ ಇಳಿಸಿ ಮಾರುತಿದೇ ಇನ್ನೊಂದು ಕಾರು ಎಸ್ಟೀಮ್‌ನ 1298 ಸಿಸಿ, 16 ವಾಲ್ವ್, 85 ಬಿಎಚ್‌ಪಿ ಎಂಜಿನ್ ಕೂರಿಸಿದ್ವಿ. ಹಾಕ್ಸಿದ ವಾರಕ್ಕೇ ಬರೆದಿದ್ರೆ ಬರೀ ಹೊಗಳಿಕೆ ಆಗ್ತಿತ್ತು, ನಮ್ಮ ದಾವಣಗೆರೆ ಬೇಸಿಗೆ ಎರಡು ಕಳೀಲಿ ಅಂತ ಕಾದೆ.

ಮೊದ್ಲು ಖುಷಿ ವಿಷಯ. 85 ಅನ್ನೋ ಅಂಕಿ ನೋಡಿ ಎಲ್ರೂ ಟಾಪ್ ಸ್ಪೀಡ್ ಎಷ್ಟು ಅಂತಾನೇ ಕೇಳ್ತಾರೆ, ಇದ್ರ ಮಜಾ ಅಲ್ಲಿಲ್ಲ, 40ರಿಂದ 80ರೊಳಗೆ ಐತೆ. ಹಳೇ ಎಂಜಿನ್ ಸ್ಟ್ರೋಕ್, ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ, 61 ಮಿಲಿಮೀಟರ್, ಇದ್ರದ್ದು 75.5, ಹಂಗಾಗಿ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಸಿಗುತ್ತೆ. ಹದಡಿ ರೋಡಲ್ಲಿ ಮೆಕ್ಕೆಜೋಳ ತುಂಬ್ಕೊಂಡು ಹೋಗೋ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಕ್ಕೊಂಡಿರ್ತೀರಿ, ಎದುರಿಗೆ ಸ್ವಲ್ಪ ಜಾಗ ಕಾಣುತ್ತೆ, ಮೊದ್ಲಾದ್ರೆ ಎರಡನೇ ಗೇರಿಗೆ ಇಳಿಸಿ ಎಸಿ ಆಫ್ ಮಾಡಿ ಉಸಿರು ಬಿಗಿಹಿಡಿದು ದಾಟ್ಬೇಕಿತ್ತು, ಈಗ ಮೂರನೇ ಗೇರಲ್ಲೇ ಕಾಲು ಒತ್ತಿದ್ರೆ ಮುಗೀತು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಏರಿಗೆ ನಾಲ್ಕು ಜನ ಕೂತು ಹೋದಾಗ ಹಿಂದೆ ಕೂತ ನಮ್ಮ ಮಾಮ "ಇದು ನಮ್ಮ ಭಾವನ ಗಾಡಿನೇ ಏನೋ?" ಅಂತ ಕೇಳಿದ್ರು. ಗಾಡಿ ತೂಕ ಸುಮಾರು 750 ಕೆಜಿ ಅಷ್ಟೆ, ಟನ್ನಿನ ಲೆಕ್ಕಕ್ಕೆ 80 ಬಿಎಚ್‌ಪಿ ಇದ್ದದ್ದು ಈಗ 110ರ ಹತ್ರ ಬಂದೈತೆ, ಎಸ್ಟೀಮ್‌ಗೇ ಅಷ್ಟಿರ್ಲಿಲ್ಲ.

ಆದ್ರೆ ಹೈವೇಲಿ 100 ದಾಟಿದ್ರೆ ಅದು ಅದೇ ಹಗುರ ಝೆನ್. ಚಿತ್ರದುರ್ಗದ ಗಾಳಿಗಿರಣಿ ಗುಡ್ಡಗಳ ಹತ್ರ ಅಡ್ಡಗಾಳಿ ಹೊಡೆದಾಗ ಗಾಡಿ ಅರ್ಧ ಅಡಿ ಪಕ್ಕಕ್ಕೆ ಸರಿಯುತ್ತೆ, ಎರಡೂ ಕೈಯಲ್ಲಿ ಹಿಡ್ಕೊಂಡು ಸ್ಪೀಡ್ ಇಳಿಸ್ಲೇಬೇಕು.

ಎಂಜಿನ್ ತಂದಿದ್ದು ಬೆಂಗಳೂರಿನ ಗುಜರಿಯಿಂದ, ಹಿಂದಿನಿಂದ ಗುದ್ದಿಸ್ಕೊಂಡ ಎಸ್ಟೀಮ್‌ದು. ಎಂಜಿನ್, ಗೇರ್‌ಬಾಕ್ಸ್, ಪೂರ್ತಿ ವೈರಿಂಗ್, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಎಲ್ಲ ಒಂದೇ ಗಾಡಿದು ಸೆಟ್ ಆಗಿ 36 ಸಾವಿರಕ್ಕೆ ತಗೊಂಡೆ. ಬರೀ ಎಂಜಿನ್ ತಂದು ವೈರಿಂಗ್ ಆಮೇಲೆ ನೋಡ್ಕಳ್ಳಾಣ ಅಂದ್ಕೊಂಡಿದ್ರೆ ಆ ಆಸೆ ಬಿಟ್ಬಿಡ್ರಿ, ವೈರ್ ಜೋಡಿಸೋ ಒಂದೊಂದು ಕಪ್ಲರ್ ಹುಡುಕೋದ್ರಲ್ಲೇ ತಿಂಗಳು ಹೋಗುತ್ತೆ. ನಮ್ಮ ಮೇಸ್ತ್ರಿ ಅಣ್ಣ ಒಂದು ಮಾತು ಹೇಳಿದ್ರು, "ತಮ್ಮಾ, ಎಂಜಿನ್ ನೆಲದ ಮ್ಯಾಲೆ ಇದ್ದಾಗ್ಲೇ ಟೈಮಿಂಗ್ ಬೆಲ್ಟು, ವಾಟರ್ ಪಂಪು, ಕ್ಲಚ್ ಪ್ಲೇಟು, ಆಯಿಲ್ ಸೀಲು ಎಲ್ಲ ಹೊಸದು ಹಾಕ್ಸು, ಒಳಗೆ ಕೂತ್ ಮ್ಯಾಲೆ ಕೈ ಹೋಗಲ್ಲ." ಅವ್ರ ಮಾತು ಕೇಳಿದ್ದಕ್ಕೆ ಇವತ್ತಿನವರೆಗೂ ಎಂಜಿನ್ ಬಿಚ್ಚಿಲ್ಲ, ಒಂದು ಹನಿ ಆಯಿಲ್ ಲೀಕ್ ಇಲ್ಲ. ಮೌಂಟ್ ಬ್ರಾಕೆಟ್‌ಗಳನ್ನ ಪಿ.ಬಿ. ರೋಡ್ ಕಡೆ ಒಂದು ಲೇತ್ ಅಂಗಡೀಲಿ ಮಾಡ್ಸಿದ್ವಿ.

ವೈರಿಂಗ್ ಮಾತ್ರ ಬೇರೆ ಕಡೆ ಕೊಟ್ಟೆ, ಅಲ್ಲೇ ಏಟು ತಿಂದಿದ್ದು. ಮೊದಲನೇ ಏಪ್ರಿಲ್, ಮಧ್ಯಾಹ್ನ ಎರಡು ಗಂಟೆ, ಚಿತ್ರದುರ್ಗದಿಂದ ವಾಪಸ್ ಬರ್ತಾ ಭರಮಸಾಗರ ಹತ್ರ ಟೆಂಪರೇಚರ್ ಮುಳ್ಳು ಮೇಲೇಳೋಕೆ ಶುರುವಾಯ್ತು. ಓಡ್ತಿದ್ರೆ ಇಳಿಯುತ್ತೆ, ನಿಂತ್ರೆ ಏರುತ್ತೆ. ಕಿಟಕಿ ಎಲ್ಲ ಇಳಿಸಿ ಹೀಟರ್ ಫುಲ್ ಇಟ್ಟೆ, ಆ ಬಿಸಿಲಲ್ಲಿ ಒಲೆ ಮುಂದೆ ಕೂತಂಗಾಯ್ತು ಆದ್ರೆ ಮುಳ್ಳು ಒಂದು ಗೆರೆ ಇಳೀತು, ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಬಾನೆಟ್ ಎತ್ತಿದ್ರೆ ಫ್ಯಾನ್ ಒಮ್ಮೆ ತಿರುಗುತ್ತೆ ಒಮ್ಮೆ ನಿಲ್ಲುತ್ತೆ. ಊರಿಗೆ ತಂದು ನಮ್ಮ ಮೇಸ್ತ್ರಿ ಹತ್ರ ಬಿಚ್ಚಿಸಿದ್ರೆ ಫ್ಯಾನಿನ ಅರ್ಥಿಂಗ್ ವೈರನ್ನ ಬಾಡಿ ಮೇಲೆ ಪೇಂಟ್ ಕೆರೀದೇ ಹಂಗೇ ಬೋಲ್ಟ್ ಹಾಕಿ ಬಿಗಿದಿದ್ರು. ಪೇಂಟ್ ಮೇಲೆ ಅರ್ಥ್ ಎಲ್ಲಿ ಸಿಗ್ಬೇಕು? ಅವ್ರು ಹ್ಯಾಕ್ಸಾ ಬ್ಲೇಡ್ ತಗೊಂಡು ಆ ಜಾಗನ ಬೆಳ್ಳಿ ಹಂಗೆ ಹೊಳೆಯೋ ತನಕ ಕೆರೆದು, ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಬಳಿದ್ರು, ಹತ್ತು ನಿಮಿಷದ ಕೆಲ್ಸ. ಹತ್ತು ನಿಮಿಷದ ಕೆಲ್ಸಕ್ಕೆ ನನ್ನ ಎಂಜಿನ್ ಹೆಡ್ ಹೋಗ್ತಿತ್ತಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಅವತ್ತೇ ಝೆನ್ ರೇಡಿಯೇಟರ್ ತೆಗೆಸಿ ಎಸ್ಟೀಮ್‌ದು ಹಾಕ್ಸಿದೆ, ಎರಡನೇ ಬೇಸಿಗೆ ಎಸಿ ಹಾಕ್ಕೊಂಡೇ ಓಡಾಡಿದೆ, ಮುಳ್ಳು ಅರ್ಧ ದಾಟಿಲ್ಲ.

ಬ್ರೇಕ್ ವಿಷಯದಲ್ಲಿ ನಾನೂ ತಪ್ಪು ಮಾಡಿದೆ, ಮೂರು ತಿಂಗಳು ಹಳೇ ಬ್ರೇಕಲ್ಲೇ ಓಡ್ಸಿದೆ. ಒಂದಿನ ಜೋಗಿಮಟ್ಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಸುಟ್ಟ ವಾಸ್ನೆ ಬಂತು, ಪಕ್ಕದಲ್ಲಿ ಹೆಂಡತಿ ಇದ್ಲು, ಅವಳಿಗೆ ಹೇಳ್ಲಿಲ್ಲ, ಮೊದಲನೇ ಗೇರಲ್ಲಿ ತೆವಳ್ಕೊಂಡು ಇಳಿದೆ. ಮಾರನೇ ದಿನವೇ ದೊಡ್ಡ ಡಿಸ್ಕ್, ಹೊಸ ಪ್ಯಾಡ್, ಹೊಸ ಬ್ರೇಕ್ ಆಯಿಲ್, 165 ಮಿಲಿಮೀಟರ್ ಅಗಲದ ಟೈರ್. ಬ್ರೇಕಿಗೆ ದುಡ್ಡು ಇಲ್ಲ ಅಂದ್ರೆ ಎಂಜಿನ್ನೂ ಬ್ಯಾಡ.

ಎಲ್ಲ ಸೇರಿ 98 ಸಾವಿರ ಚಿಲ್ರೆ ಆಯ್ತು, ಅದ್ರಲ್ಲಿ ಎಂಜಿನ್ ಸೆಟ್ಟಿನ ಪಾಲು ಎಷ್ಟು ಕಮ್ಮಿ ನೋಡ್ರಿ. ಮೈಲೇಜ್ ಊರೊಳಗೆ 12-13, ಹೈವೇಲಿ ಸಮಾಧಾನವಾಗಿ ಹೋದ್ರೆ 16. ಎರಡನೇ ಗೇರ್ ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೊಮ್ಮೆ ಕರಕರ ಅನ್ನುತ್ತೆ. ಇನ್ನೇನೂ ದೂರಿಲ್ಲ.

ಇನ್ನ ಕಾಗದ ಪತ್ರದ ವಿಷಯ, ಇದನ್ನ ಮುಚ್ಚಿಟ್ಟು ಬರೆದ್ರೆ ಓದೋರಿಗೆ ಮೋಸ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸೀಲಿ ಇರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸಂಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿ ಹೇಳೈತೆ. ಎಂಜಿನ್ ನಂಬರ್ ಬೇರೆ, ಸಿಸಿ ಬೇರೆ, ನಾಳೆ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವ್ರು ಕೈ ಎತ್ತಬಹುದು. ಕೆಲ್ಸ ಶುರು ಮಾಡೋಕೆ ಮುಂಚೆ ಆರ್‌ಟಿಓ ಆಫೀಸಿಗೆ ಹೋಗಿ ಕೇಳ್ಬೇಕಿತ್ತು, ಕೇಳ್ಲಿಲ್ಲ, ಅದು ಪೂರ್ತಿ ನನ್ನ ತಪ್ಪು. ಗೊತ್ತಾಗಿದ್ದು ಇನ್ಶೂರೆನ್ಸ್ ರಿನೀವಲ್ ಟೈಮಲ್ಲಿ ಪಾಲಿಸಿ ಕೂತು ಓದಿದಾಗ. ಇದೇ ಎಂಜಿನ್ ಬೇಕು ಅನ್ನೋರಿಗೆ ನೇರ ದಾರಿ ಐತೆ, 2007ರವರೆಗೂ ಎಸ್ಟೀಮ್ ಬಂತು, 2005ರಲ್ಲಿ ಬಂದ ಮೊದಲ ಪೆಟ್ರೋಲ್ ಸ್ವಿಫ್ಟ್‌ನಲ್ಲೂ ಇದೇ 1.3 ಎಂಜಿನ್, 87 ಬಿಎಚ್‌ಪಿ. ಒಳ್ಳೇದೊಂದು ಹುಡುಕಿ ತಗೊಳ್ರಿ, ರಾತ್ರಿ ನಿದ್ದೆ ಬರುತ್ತೆ.

ನಾನು ತೀರ್ಮಾನ ಮಾಡಾಗೈತೆ, 2027ಕ್ಕೆ ಆರ್‌ಸಿ ರಿನೀವಲ್ ಬರುತ್ತೆ, ಅಲ್ಲಿ ತನಕ ಕಾಯಲ್ಲ, ಹಳೇ ಎಂಜಿನ್ ವಾಪಸ್ ಕೂರಿಸ್ತೀನಿ. ಅದನ್ನ ಮಾರಿರ್ಲಿಲ್ಲ, ಹಿತ್ತಲ ಶೆಡ್ಡಲ್ಲಿ ಟೈರ್ ಮೇಲಿಟ್ಟು ಪ್ಲಗ್ ತೂತಿಗೆ ಆಯಿಲ್ ಬಿಟ್ಟು ಗೋಣಿಚೀಲ ಮುಚ್ಚಿದ್ದೆ, ಹೋದ ಭಾನುವಾರ ತೆಗೆದು ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ತಿರುಗಿಸಿದೆ, ಸಲೀಸಾಗಿ ತಿರುಗ್ತು. ಬ್ರೇಕ್ ಡಿಸ್ಕು, ರೇಡಿಯೇಟರ್ ಮಾತ್ರ ಕಳಚಬೇಕಾ ಉಳಿಸ್ಕೋಬಹುದಾ ಅಂತ ಸೋಮವಾರ ಆರ್‌ಟಿಓದಲ್ಲಿ ಕೇಳ್ಕೊಂಡು ಬರ್ತೀನಿ, ಈ ಸಲ ಮೊದ್ಲೇ.