ಗಾಳಿಗೆ ಗಟ್ಟಿ, ನೆರೆಗೆ ಅಷ್ಟಕ್ಕಷ್ಟೆ: ನಮ್ಮ ಕಂಟೇನರ್ ಮನೆ

ಬಿರುಗಾಳಿ ಬಂದರೆ ಈ ಡಬ್ಬದ ಮನೆ ನಿಲ್ಲುತ್ತದಾ ಅಂತ ಕೇಳುವವರೇ ಜಾಸ್ತಿ. ನಿಲ್ಲುತ್ತದೆ. ಹಡಗಿನಲ್ಲಿ ಸರಕು ಸಾಗಿಸುವ 20 ಅಡಿಯ ಎರಡು ಉಕ್ಕಿನ ಕಂಟೇನರ್ ಜೋಡಿಸಿದ ನಮ್ಮ ಮನೆ ಬಿರುಗಾಳಿಯನ್ನೂ ಕಂಡಿದೆ, ಅದರ ಬೆನ್ನಿಗೇ ಬಂದ ನೆರೆಯನ್ನೂ ಕಂಡಿದೆ.

ಗಾಳಿಗೆ ಚಾವಣಿ ಹಾರಲಿಲ್ಲ. ಗೋಡೆಯ ಜೊತೆಗೇ ವೆಲ್ಡ್ ಆಗಿರುವ ತಗಡು ಅದು. ಭಾರವನ್ನೆಲ್ಲ ಹೊರುವುದು ನಾಲ್ಕು ಮೂಲೆಯ ಕಂಬಗಳು. ಹಡಗಿನಲ್ಲಿ ತುಂಬಿದ ಕಂಟೇನರ್‌ಗಳನ್ನು ಒಂದರ ಮೇಲೊಂದು ಪೇರಿಸುವುದು ಅವುಗಳನ್ನು ನಂಬಿಯೇ. ನಡುವಿನ ತಗಡು 2 ಮಿಲಿಮೀಟರ್ ಆಸುಪಾಸು ಅಷ್ಟೇ. ಮಡಿಕೆ ಮಡಿಕೆಯಾಗಿ ಇರುವುದರಿಂದಲೇ ಅದಕ್ಕೆ ಬಿಗಿ.

ನಮ್ಮ ಬಿಲ್ಡರ್ ಕೆಡಿಸಿದ್ದು ಅಲ್ಲೇ. ಹಾಲ್‌ಗೆ ದೊಡ್ಡ ಕಿಟಕಿ ಕೊಯ್ದು, ಸುತ್ತ ತೆಳು ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಕೊಟ್ಟು ಕೈ ತೊಳೆದುಕೊಂಡರು. ಗಾಳಿ ಬೀಸಿದಾಗ ಆ ಗೋಡೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಬೆಳಿಗ್ಗೆ ನೋಡಿದರೆ ಕಿಟಕಿಯ ಮೇಲ್ಮೂಲೆಯಲ್ಲಿ ಸಿಲಿಕಾನ್ ಕಿತ್ತು ನೇತಾಡುತ್ತಿತ್ತು. ಗಾಜು ಜಾರುವ ಟ್ರ್ಯಾಕ್ ಸೊಟ್ಟಗಾಗಿತ್ತು. ಬೇರೆ ವೆಲ್ಡರ್ ಕರೆಸಿ, ನೆಲದಿಂದ ಚಾವಣಿಯವರೆಗೆ ಬಾಕ್ಸ್ ಪೈಪ್ ಚೌಕಟ್ಟು ಹಾಕಿಸಿದೆವು. ಮೊದಲೇ ಹಾಕಬಹುದಿತ್ತು, ಅಲ್ವಾ?

ಆದರೆ ಅಡಿಪಾಯಕ್ಕೆ ಅದೇ ಬಿಲ್ಡರ್‌ಗೆ ಪೂರ್ತಿ ಅಂಕ. ಮೂಲೆಗಳನ್ನೆಲ್ಲ ಕಾಂಕ್ರೀಟಿನಲ್ಲಿ ಹೂತ ಉಕ್ಕಿನ ಪ್ಲೇಟಿಗೆ ವೆಲ್ಡ್ ಮಾಡಿದ್ದರು. "ಇಷ್ಟು ಭಾರದ್ದು ಎಲ್ಲಿ ಹೋಗುತ್ತೆ, ಸುಮ್ನೆ ಕಲ್ಲಿನ ಮೇಲೆ ಇಡಿ" ಅಂದವರಿದ್ದರು. ಲೆಕ್ಕ ಹಾಕಿ ನೋಡಿ: ಖಾಲಿ 20 ಅಡಿ ಕಂಟೇನರ್ ತೂಕ ಸುಮಾರು 2.2 ಟನ್. ಒಳಗೆ ನೀರು ನುಗ್ಗದಿದ್ದರೆ, ನೆಲದ ಹಲಗೆಗಿಂತ ಅರ್ಧ ಅಡಿ ಮೇಲೆ ನೀರು ಬಂದರೆ ಸಾಕು, ತೇಲಲು ಶುರು. ಸಾಮಾನು ತುಂಬಿದ್ದರೆ ಇನ್ನೊಂದಿಷ್ಟು ನೀರು ಬೇಕು, ಅಷ್ಟೇ ವ್ಯತ್ಯಾಸ.

ಭೂಕಂಪ ನಾವು ಕಂಡಿಲ್ಲ. ಜಪಾನಿನ ಓನಗಾವಾದಲ್ಲಿ 2011ರ ಭೂಕಂಪ, ಸುನಾಮಿ ಆದ ಮೇಲೆ ವಾಸ್ತುಶಿಲ್ಪಿ ಶಿಗೆರು ಬಾನ್ ಮನೆ ಕಳೆದುಕೊಂಡವರಿಗಾಗಿ ಕಂಟೇನರ್ ಪೇರಿಸಿ ಮೂರಂತಸ್ತಿನವರೆಗೆ ಮನೆ ಕಟ್ಟಿಸಿದ್ದರು. ಬೆಂಕಿಯ ವಿಷಯದಲ್ಲಿ ಉಕ್ಕಿಗಿಂತ, ಬಿಸಿ ತಡೆಯಲು ಗೋಡೆಯೊಳಗೆ ತುಂಬುವ ಫೋಮ್‌ಗೆ ಹೆದರಬೇಕು. ನಾವು ಅದರ ಬದಲು ರಾಕ್‌ವೂಲ್, ಅಂದರೆ ಬೆಂಕಿ ಹಿಡಿಯದ ಕಲ್ಲುನಾರು, ಹಾಕಿಸಿದ್ದೇವೆ.

ನೆರೆ ಇಳಿದ ಮೇಲೆ ಗೋಡೆ ತೊಳೆದರೆ ಮುಗಿಯಿತು. ನೆಲ ಹಾಗಲ್ಲ. ಕಂಟೇನರಿನ ನೆಲ ದಪ್ಪ ಪ್ಲೈವುಡ್. ಅದರಡಿಯ ಉಕ್ಕಿನ ಪಟ್ಟಿಗಳ ಸಂದಿನಲ್ಲಿ ಕೆಸರು ಕೂತು ತುಕ್ಕು ಹಿಡಿಯಿತು, ಬಾಗಿಲ ಬಳಿ ಹಲಗೆ ಉಬ್ಬಿತು. ಅಡಿಗೆ ನುಸುಳಿ ಕೆರೆದು ಪೇಂಟ್ ಹೊಡೆಯೋಣ ಅಂದರೆ ಬರೀ ಮೊಣಕೈಯಷ್ಟು ಜಾಗ. ಕೊಳ್ಳುವವರು ಅಡಿಪಾಯದ ಕಾಂಕ್ರೀಟ್ ಕಂಬಗಳನ್ನು ಆಳು ಕೂತು ಕೆಲಸ ಮಾಡುವಷ್ಟು ಎತ್ತರಕ್ಕೆ ಏರಿಸಿಕೊಳ್ಳಿ. ಗ್ಯಾರಂಟಿಯಲ್ಲಿ ನೆಲವೂ ಸೇರಿದೆಯಾ ಅಂತ ಬಾಯಿಮಾತಲ್ಲಿ ಬಿಡದೆ ಬರೆಸಿಕೊಳ್ಳಿ. ನಮ್ಮದರಲ್ಲಿ ಸೇರಿರಲಿಲ್ಲ.