ಪಿಯುಸಿ ಆಯ್ತು, ಮುಂದೇನು ಅನ್ನೋರಿಗೆ: ಕೊಪ್ಪಳದ ಒಂದು ಝೆರಾಕ್ಸ್ ಅಂಗಡಿ

ಕೊಪ್ಪಳದ ಅಶೋಕ ಸರ್ಕಲ್‌ನಿಂದ ಸ್ವಲ್ಪ ಒಳಗೆ, ಮೆಡಿಕಲ್ ಶಾಪ್ ಪಕ್ಕದಲ್ಲಿ ಒಂದು ಚಿಕ್ಕ ಅಂಗಡಿ ಇದೆ. ಬೋರ್ಡ್ ಮೇಲೆ ಹೆಸರೇ ಇಲ್ಲ. "ಝೆರಾಕ್ಸ್, ಲ್ಯಾಮಿನೇಶನ್, ಎಲ್ಲಾ ಆನ್‌ಲೈನ್ ಅರ್ಜಿ ಹಾಕಲಾಗುವುದು" ಅಂತ ಬರೆದಿದೆ, ಅಷ್ಟೇ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆ ತುಂಬ ಕೊನೆ ದಿನಾಂಕ ಬರೆದ ಚೀಟಿಗಳು. ಸೆಕೆಂಡ್ ಪಿಯುಸಿ ಮುಗಿಸಿ ಏನು ಮಾಡಬೇಕೋ ತಿಳಿಯದೆ ಕೂತ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಸೀದಾ ಇಲ್ಲಿಗೆ ಕರೆದುಕೊಂಡು ಹೋಗಿ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಕಿನ್ನಾಳ. ಅಪ್ಪನಿಗೆ ಸ್ವಲ್ಪ ಹೊಲ ಇದೆ, ಮೆಕ್ಕೆಜೋಳ ಹಾಕುತ್ತಾರೆ. ನಾನು ಬಿ.ಕಾಂ ಮುಗಿಸಿ ಕೊಪ್ಪಳದಲ್ಲೇ ಲೆಕ್ಕ ಬರೆಯೋ ಕೆಲಸ ಮಾಡುತ್ತೇನೆ. ತಮ್ಮ ಸೈನ್ಸ್ ತಗೊಂಡು 64 ಪರ್ಸೆಂಟ್‌ನಲ್ಲಿ ಪಾಸಾದ. ದಡ್ಡ ಅಲ್ಲ, ಸೋಮಾರಿನೂ ಅಲ್ಲ. ಆದರೆ ಮುಂದೇನು ಅಂತ ಕೇಳಿದರೆ ಒಂದೇ ಮಾತು, "ಗೊತ್ತಿಲ್ಲಕ್ಕ." ಮಾವ ಎಂಜಿನಿಯರಿಂಗ್ ಅಂತಾರೆ. ಪಕ್ಕದ ಮನೆಯವರು ಬೆಂಗಳೂರಲ್ಲಿ ನರ್ಸಿಂಗ್ ಮಾಡಿಸಿ ಅಂತಾರೆ. ಅಪ್ಪನಿಗೆ ಅವನು ಪೊಲೀಸ್ ಆಗಲಿ ಅಂತ ಆಸೆ. ಮದುವೆಗೆ ಹೋದರೂ ಇದೇ ಪ್ರಶ್ನೆ, ಜಾತ್ರೆಗೆ ಹೋದರೂ ಇದೇ ಪ್ರಶ್ನೆ. ಕೊನೆಗೆ ಅವನು ನೆಂಟರ ಮನೆಗೆ ಬರೋದನ್ನೇ ಬಿಟ್ಟ. ನನಗೆ ಕರುಳು ಚುರುಕ್ ಅಂತಿತ್ತು. ಹದಿನೆಂಟು ವರ್ಷದಲ್ಲಿ ಅವನು ಹತ್ತಿರದಿಂದ ಕಂಡಿದ್ದು ಮೇಷ್ಟ್ರು, ಕಂಡಕ್ಟರ್, ಬ್ಯಾಂಕಿನವರು, ಹೊಲದ ಕೆಲಸ, ಇಷ್ಟೇ ಅಲ್ವಾ? ಕಾಣದ ಕೆಲಸವನ್ನು ಆರಿಸು ಅಂದರೆ ಹೇಗೆ ಆರಿಸುತ್ತಾನೆ?

ಮಾವನ ಒತ್ತಾಯಕ್ಕೆ ಮೊದಲು ಬೇರೆ ಊರಿನ ಒಂದು ಕರಿಯರ್ ಗೈಡೆನ್ಸ್ ಸೆಂಟರ್‌ಗೆ ಹೋಗಿದ್ದೆವು. ಹತ್ತೂ ಬೆರಳಿನ ಗುರುತು ತಗೊಂಡು, ಮೆದುಳಿನ ಯಾವ ಭಾಗ ಚುರುಕು, ಯಾವ ಕೋರ್ಸ್ ಸರಿ ಅಂತ ಬಣ್ಣದ ಪುಸ್ತಕ ಮಾಡಿ ಕೊಟ್ಟರು. ಬೆರಳಿನ ಗೆರೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಮೂಡುತ್ತದೆ. ಅದಕ್ಕೂ ಹುಡುಗ ಯಾವ ಕೋರ್ಸ್ ಓದಬೇಕು ಅನ್ನೋದಕ್ಕೂ ಯಾವ ಸಂಬಂಧವೂ ಇಲ್ಲ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಮನೋವೈದ್ಯರೇ ಹೇಳಿದ್ದಾರೆ. ಅಲ್ಲಿ ನಮ್ಮ ತಮ್ಮನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂಥ ಕಡೆ ದುಡ್ಡು ಹಾಕಬೇಡಿ, ದಯವಿಟ್ಟು.

ಈ ಅಂಗಡಿಯಲ್ಲಿ ಕೇಳಿದ್ದೇ ಜಾಸ್ತಿ. ಸಿಇಟಿ, ಅಂದ್ರೆ ಎಂಜಿನಿಯರಿಂಗ್, ಅಗ್ರಿಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕೋಕೆ ಅಂತ ಹೋಗಿದ್ದೆವು. ಅಂಗಡಿಯವರಿಗೆ ನಲವತ್ತೈದರ ಆಸುಪಾಸು, ಎಲ್ಲರೂ ಅಣ್ಣಾರ ಅಂತಲೇ ಕರೆಯುತ್ತಾರೆ. ಕೀಬೋರ್ಡ್‌ನಿಂದ ಕೈ ತೆಗೆದು ತಮ್ಮನ ಕಡೆ ತಿರುಗಿ ಕೂತರು.

"ಏನ್ ಓದಾಂವ ಇದ್ದಿ ತಮ್ಮ?"

"ಗೊತ್ತಿಲ್ರಿ."

"ಛಲೋ ಆತು. ಗೊತ್ತೈತಿ ಅನ್ನಾವ್ರು ಭಾಳ ಮಂದಿ ಇನ್ನೊಬ್ಬರ ಮಾತ ಹೇಳ್ತಾರ. ಕುಂದ್ರು."

ಹಾಳಾದ ಪ್ರಿಂಟಿನ ಹಾಳೆಯೊಂದನ್ನು ಮಗುಚಿ, ಪೆನ್ನು ಕೊಟ್ಟು, "ಮೊದಲ ಬ್ಯಾಡಾದ್ದು ಬರಿ" ಅಂದರು. ಏನು ಬೇಕು ಅಂತ ಅಲ್ಲ, ಏನು ಬೇಡ ಅಂತ. ತಮ್ಮ ಸ್ವಲ್ಪ ಹೊತ್ತು ಪೆನ್ನು ಕಚ್ಚಿದ. ಆಮೇಲೆ ಬರೆದ. ರಕ್ತ ನೋಡೋಕೆ ಆಗಲ್ಲ. ದಿನವಿಡೀ ಒಂದೇ ಕಡೆ ಕೂರೋಕೆ ಆಗಲ್ಲ. ಬೆಂಗಳೂರು ಬೇಡ. ಮನೆಯಲ್ಲಿ ನಾವು ಯಾರೂ ಅವನ ಬಾಯಿಂದ ಈ ಮೂರು ಮಾತು ಕೇಳಿರಲಿಲ್ಲ. ಅಣ್ಣಾರು ಅದನ್ನು ಓದಿ ನನ್ನ ಕಡೆ ನೋಡಿ, "ವರ್ಷಕ್ಕ ಮನ್ಯಾಗ ಎಷ್ಟ್ ರೊಕ್ಕ ಕೊಡಾಕ ಆಕ್ಕತಿ ತಂಗಿ? ಖರೇ ಹೇಳ್ರಿ" ಅಂದರು. ಹೇಳಿದೆ. ಅದನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು. ಆಮೇಲೆ ಕೇಳಿದ್ದು ಹೊಲದ ವಿಷಯ. ಪಹಣಿ ಯಾರ ಹೆಸರಲ್ಲಿದೆ, ಹುಡುಗ ಹೊಲಕ್ಕೆ ಹೋಗುತ್ತಾನಾ?

ಬಿ.ಎಸ್ಸಿ ಅಗ್ರಿ ಸೀಟುಗಳಲ್ಲಿ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ ಇರುತ್ತದೆ ಅಂತ ನಮಗೆ ಅಲ್ಲೇ ಗೊತ್ತಾಗಿದ್ದು. ಅರ್ಜಿ ತುಂಬುವಾಗಲೇ ಇದನ್ನು ಕೇಳಿಕೊಳ್ಳಬೇಕು, ಆಮೇಲೆ ನೆನಪಾದರೆ ಕಷ್ಟ. ಬೀಜ, ಗೊಬ್ಬರ, ಸಲಕರಣೆ ಗುರುತು ಹಿಡಿಯೋ ಪರೀಕ್ಷೆ ಅಂದಾಗ ತಮ್ಮ ಮೊದಲ ಸಲ ತಲೆ ಎತ್ತಿ, "ಅದು ಬರ್ತೈತ್ರಿ ನನಗ" ಅಂದ.

ಇನ್ನು ಕಾಗದ ಪತ್ರ. ಇದರಲ್ಲಿ ಈ ಅಂಗಡಿಯವರನ್ನು ಮೀರಿಸೋರು ಕಡಿಮೆ. ನಾವು ಕಲ್ಯಾಣ ಕರ್ನಾಟಕದವರು, ನಮಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು, ಉಳಿದ ರಾಜ್ಯದ ಕಾಲೇಜುಗಳಲ್ಲಿ 8 ಪರ್ಸೆಂಟ್ ಸೀಟು ನಮ್ಮ ಮಕ್ಕಳಿಗೆ ಮೀಸಲು. ಆದರೆ ಅದಕ್ಕೆ ಎಸಿ ಸಾಹೇಬರ, ಅಂದ್ರೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು, ಅದು ಕೇಳಿದ ದಿನವೇ ಕೈಗೆ ಬರೋದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು. ನಮ್ಮ ತಮ್ಮ ಕಿನ್ನಾಳದಲ್ಲೇ ಕನ್ನಡದಲ್ಲೇ ಓದಿದವನು. ಈ ಎರಡೂ ಕಾಗದ ಇಲ್ಲದೆ ಅರ್ಜಿ ಒತ್ತೋಕೆ ಅಣ್ಣಾರು ಒಪ್ಪಲೇ ಇಲ್ಲ. "ಮೊದಲ ಕಾಗದ, ಆಮ್ಯಾಲ ಅರ್ಜಿ" ಅಂತ ವಾಪಸ್ ಕಳಿಸಿದರು. ಆ ದಿನ ಬಿಸಿಲಲ್ಲಿ ಓಡಾಡಿ ಸಾಕಾಯ್ತು ನಿಜ. ಆದರೆ ನೂರು ರೂಪಾಯಿ ಸಿಗುತ್ತೆ ಅಂತ ಅರ್ಜಿ ಒತ್ತಿ ಕಳಿಸಬಹುದಿತ್ತು, ಕಳಿಸಲಿಲ್ಲ. ಆ ಮನುಷ್ಯನ ಮೇಲೆ ನನಗೆ ಗೌರವ ಬಂದಿದ್ದೇ ಅವತ್ತು.

ಆಪ್ಷನ್ ಎಂಟ್ರಿ ಸಮಯದಲ್ಲಿ ಮತ್ತೆ ಹೋದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಇಲ್ಲೇ ಎಡವಟ್ಟಾಗುತ್ತದೆ. ಕಾಲೇಜು ಮತ್ತು ಕೋರ್ಸುಗಳ ಪಟ್ಟಿಯನ್ನು ನಾವೇ ಒಂದು, ಎರಡು, ಮೂರು ಅಂತ ಸಾಲಾಗಿ ಹಾಕಬೇಕು. ನಮ್ಮ ರ‍್ಯಾಂಕಿಗೆ ಸಿಗಲ್ಲ ಅಂತ ಹೆದರಿ ತುಂಬಾ ಜನ ಬೇಕಾದ್ದನ್ನು ಕೆಳಗೆ ಹಾಕುತ್ತಾರೆ, ಇಲ್ಲಾಂದ್ರೆ ಹಾಕೋದೇ ಇಲ್ಲ. ಅಣ್ಣಾರು ಪೆನ್ನಿನಿಂದ ಪರದೆ ತೋರಿಸಿ ಹೇಳಿದ್ದು ಇದು. ಕಂಪ್ಯೂಟರ್ ಮೇಲಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಸಿಗದಿದ್ದರೆ ಮೂರನೆಯದು. ದೊಡ್ಡದನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈ ತಪ್ಪೋದಿಲ್ಲ. ಹಾಗಾಗಿ ಆಸೆಯ ಪ್ರಕಾರ ಬರಿ, ಭಯದ ಪ್ರಕಾರ ಅಲ್ಲ. ಆದರೆ ಸಿಕ್ಕರೆ ಹೋಗೋದೇ ಇಲ್ಲ ಅನ್ನೋದನ್ನು ಮಾತ್ರ ಹಾಕಬೇಡ.

ತಮ್ಮ ಆ ಹಳೆ ಹಾಳೆಯನ್ನು ಜೇಬಲ್ಲಿ ಇಟ್ಟುಕೊಂಡೇ ಬಂದಿದ್ದ. ಅದನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಪಟ್ಟಿ ಮಾಡಿದ. ಮೇಲೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ ಅಗ್ರಿ, ಅದರ ಕೆಳಗೆ ಅಲ್ಲೇ ಇರೋ ಕೃಷಿ ಎಂಜಿನಿಯರಿಂಗ್. ಆಮೇಲೆ ತಳಕಲ್, ಗಂಗಾವತಿ, ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳು.

ಸೀಟು ಹಂಚಿಕೆ ಆದಮೇಲೆ ನಾಲ್ಕು ಚಾಯ್ಸ್ ಬರುತ್ತವೆ. ಒಂದು ಒತ್ತಿದರೆ ಈ ಸೀಟೇ ಸಾಕು, ಸೇರುತ್ತೇನೆ ಅಂತ. ಎರಡು ಅಂದ್ರೆ ಈ ಸೀಟು ಇರಲಿ, ಇದಕ್ಕಿಂತ ಮೇಲಿನದು ಮುಂದಿನ ರೌಂಡಿನಲ್ಲಿ ಸಿಕ್ಕರೆ ಕೊಡಿ ಅಂತ. ಮೂರು ಅಂದ್ರೆ ಇದು ಬೇಡ, ಮುಂದಿನ ರೌಂಡಿಗೆ ಬರುತ್ತೇನೆ. ನಾಲ್ಕು ಒತ್ತಿದರೆ ಪೂರ್ತಿ ಹೊರಗೆ. ತಮ್ಮನಿಗೆ ಮೊದಲ ರೌಂಡಿನಲ್ಲಿ ತಳಕಲ್‌ನಲ್ಲಿ ಸಿವಿಲ್ ಬಂತು, ಎರಡನೇ ಚಾಯ್ಸ್ ಕೊಟ್ಟಿದ್ದಾನೆ. ಅಗ್ರಿ ಸಿಗುತ್ತೋ ಇಲ್ಲವೋ, ಸಿಕ್ಕರೂ ಅದೇ ಅವನ ದಾರಿಯೋ ಅಲ್ಲವೋ, ಇನ್ನೂ ಅವನಿಗೆ ಖಾತ್ರಿ ಇಲ್ಲ. ಆದರೆ ಈಗ ಊಟಕ್ಕೆ ಕೂತಾಗ ಅವನೇ ಆ ಮಾತು ತೆಗೆಯುತ್ತಾನೆ. ಅಪ್ಪನ ಹತ್ತಿರ ವಾದನೂ ಮಾಡುತ್ತಾನೆ.

ಸಿಇಟಿ ಬೇಡ ಅನ್ನೋ ಮಕ್ಕಳಿಗೂ ಇಲ್ಲಿ ದಾರಿ ಹೇಳುತ್ತಾರೆ. ಪಿಯು ಸೈನ್ಸ್ ಆದವರು ಪಾಲಿಟೆಕ್ನಿಕ್‌ನಲ್ಲಿ ಸೀದಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷ. ಅಂದ್ರೆ ಈಗ ಸೀಟು ಸಿಗಲಿಲ್ಲ ಅಂತ ಎಂಜಿನಿಯರಿಂಗ್ ಬಾಗಿಲು ಮುಚ್ಚಿ ಹೋಗೋದಿಲ್ಲ. ಪಿಯುಸಿ ಫೇಲ್ ಆಗಿ ಅಳುತ್ತಾ ಬಂದ ಹುಡುಗನಿಗೆ, ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಇದೇ ವರ್ಷ ಇನ್ನೊಮ್ಮೆ ಬರಿ ಅಂತ ಅಲ್ಲೇ ಕೂರಿಸಿ ಅರ್ಜಿ ಹಾಕಿಸಿದ್ದನ್ನು ನಾನೇ ನೋಡಿದೆ.

ಇನ್ನೊಂದು ದಿನ ಅಳವಂಡಿ ಕಡೆಯ ಒಬ್ಬ ಅಪ್ಪ, ಮಗಳು ಬಂದಿದ್ದರು. ಯಾರೋ ಏಜೆಂಟ್ ಹೇಳಿದ ನರ್ಸಿಂಗ್ ಕಾಲೇಜಿಗೆ ಮುಂಗಡ ಕಟ್ಟೋಕೆ ಹೊರಟಿದ್ದರು. ಅಣ್ಣಾರು ಅಪ್ಪನನ್ನು ಬಿಟ್ಟು ಮಗಳನ್ನೇ ಕೇಳಿದರು, "ನಿನಗ ಮನಸೈತೇನವ್ವ?" ಅವಳು ಇದೆ ಅಂದಳು. ಆಮೇಲೆ ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ಪಟ್ಟಿ ತೆಗೆದು ಹುಡುಕಿದರು. ಹೆಸರು ಸಿಗಲಿಲ್ಲ. "ರೊಕ್ಕ ಕಟ್ಟಬ್ಯಾಡ್ರಿ ಯಜಮಾನ್ರ" ಅಂದು, ಸಿಇಟಿ ಮೂಲಕ ಬಿ.ಎಸ್ಸಿ ನರ್ಸಿಂಗ್ ಹೇಗೆ ಸಿಗುತ್ತೆ ಅಂತ ಬರೆದುಕೊಟ್ಟರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ನನಗೆ ಜಾಸ್ತಿ ಸಮಾಧಾನ ತಂದಿದ್ದು ಇನ್ನೊಂದು. ಕೆಲವು ಕಡೆ ಅರ್ಜಿಗೆ ಅಂಗಡಿಯವರದ್ದೇ ಮೊಬೈಲ್ ನಂಬರ್ ಹಾಕುತ್ತಾರೆ. ಆಮೇಲೆ ಪ್ರತಿ ಓಟಿಪಿಗೂ ಅವರ ಬಾಗಿಲಿಗೇ ಹೋಗಬೇಕು. ನನ್ನ ಗೆಳತಿಯ ತಂಗಿಯ ಆಪ್ಷನ್ ಪಟ್ಟಿ ಅವಳಿಗೆ ತಿಳಿಯದೆ ಬದಲಾಗಿತ್ತು. ಇಲ್ಲಿ ವಿದ್ಯಾರ್ಥಿಯ ನಂಬರನ್ನೇ ಹಾಕುತ್ತಾರೆ. ಪಾಸ್‌ವರ್ಡ್ ಅವರ ಕೈಯಿಂದಲೇ ಟೈಪ್ ಮಾಡಿಸಿ, ತಾವು ಆ ಕಡೆ ತಿರುಗಿ ಕೂರುತ್ತಾರೆ. ಯಾರಿಗೂ ಹೇಳಬೇಡ, ನನಗೂ ಹೇಳಬೇಡ ಅಂತಾರೆ.

ಕೊರತೆಗಳೂ ಇವೆ. ಕೂರೋಕೆ ಇರೋದು ಒಂದೇ ಬೆಂಚು, ವಯಸ್ಸಾದವರು ಜೊತೆಗಿದ್ದರೆ ಕಷ್ಟ. ಕೊನೆಯ ಎರಡು ಮೂರು ದಿನ ಕಾಲಿಡೋಕೆ ಜಾಗ ಇರಲ್ಲ, ಆಗ ಯಾರ ಜೊತೆಗೂ ಹೀಗೆ ಮಾತಾಡೋಕೆ ಅವರಿಗೆ ಬಿಡುವಿಲ್ಲ. ಕಾಮರ್ಸ್ ಮಕ್ಕಳ ವಿಷಯದಲ್ಲಿ ಅವರಿಗೆ ಅಷ್ಟು ತಿಳಿವಳಿಕೆ ಇಲ್ಲ. ಸಿಎ ಫೌಂಡೇಶನ್ ಬಗ್ಗೆ ಒಬ್ಬ ಹುಡುಗಿ ಕೇಳಿದಾಗ ನಿಮ್ಮ ಲೆಕ್ಚರರ್ ಹತ್ತಿರ ಕೇಳವ್ವ ಅಂದುಬಿಟ್ಟರು. ನಾನೇ ಪಕ್ಕದಲ್ಲಿದ್ದೆ, ಗೊತ್ತಿದ್ದಷ್ಟು ಹೇಳಿದೆ. ಕಡಿಮೆ ಆದ ಅರ್ಧ ಸ್ಟಾರ್ ಇದಕ್ಕೇ. ಕಾಮರ್ಸ್ ತಗೊಂಡ ಮಕ್ಕಳಿಗೂ ಇದೇ ಗೊಂದಲ ಇದೆ, ಅವರಿಗೂ ಯಾರಾದರೂ ಬೇಕು.

ರೇಟು ನ್ಯಾಯವಾಗಿದೆ. ಅರ್ಜಿಗೆ 100 ರೂಪಾಯಿ, ಆಪ್ಷನ್ ಎಂಟ್ರಿಗೆ 150, ಪ್ರಿಂಟ್ ಪುಟಕ್ಕೆ 5. ಮಾತಿಗೆ ದುಡ್ಡಿಲ್ಲ. ಮಧ್ಯಾಹ್ನ ಊಟದ ಹೊತ್ತಲ್ಲಿ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹೋದರೆ ಒಳ್ಳೇದು. ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, 371ಜೆ, ವ್ಯಾಸಂಗ ಪ್ರಮಾಣಪತ್ರ, ಇಷ್ಟೂ ಇಟ್ಟುಕೊಂಡು ಹೋಗಿ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿನೂ ಇಲ್ಲೇ ಹಾಕಬಹುದು, ಆದರೆ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಂಡು ಹೋಗಿ. ಮತ್ತೆ, ಮಕ್ಕಳನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಹೋದರೆ ಅಣ್ಣಾರು ಆಪ್ಷನ್ ಎಂಟ್ರಿ ಮಾಡಿಕೊಡೋದಿಲ್ಲ, ಓದೋರನ್ನು ಕರೆದುಕೊಂಡೇ ಹೋಗಿ.